ಹೊಸ ಬೂಟು ಕಚ್ಚಿದ ಕಥೆ

ನಮ್ಮ ಮನೆಯಲ್ಲಿಯೇ ಇದ್ದುಕೊಂಡು ಹತ್ತಿರದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗಳು ಕಳೆದ ನವೆಂಬರಿನ ಒಂದು ಸಂಜೆ ದೊಡ್ಡದೊಂದು ಡಬ್ಬಿಯನ್ನು ಹೊತ್ತು ಬಂದಳು. ಗೆಳತಿಯರೊಡನೆ ಕುಮಾರಪರ್ವತ ಹತ್ತಲು ಹೊರಟಿದ್ದಾಳೆ, ಅದಕ್ಕಾಗಿ ಬೂಟು. ಕಣಕಾಲು ಮುಚ್ಚುವಷ್ಟು ಎತ್ತರ, ಹಲ್ಲುಹಲ್ಲಾದ ದಪ್ಪ ಅಟ್ಟೆ, ಕೆಂಪು ಲೇಸು. ನೋಡಲು ಬಲು ಚೆನ್ನಾಗಿತ್ತು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಎಲ್ಲಿ, ಹಾಕಿಕೊಂಡು ನಾಲ್ಕು ಹೆಜ್ಜೆ ನಡೆ ನೋಡೋಣ" ಎಂದೆ. "ಅಯ್ಯೋ ಬೇಡ ದೊಡ್ಡಪ್ಪ, ಇನ್ನೂ ಮೂರು ವಾರ ಇದೆ. ಅಲ್ಲಿಯವರೆಗೆ ಹೊಸದಾಗಿಯೇ ಇರಲಿ, ಡಬ್ಬಿಯಲ್ಲೇ ಇಡುತ್ತೇನೆ" ಎಂದಳು.

ನಾನು ಸಾಮಾನ್ಯವಾಗಿ ಮಕ್ಕಳ ವಿಷಯದಲ್ಲಿ ಮೂಗು ತೂರಿಸುವವನಲ್ಲ. ಆದರೆ ಆ ಮಾತು ಕೇಳಿದೊಡನೆ ಎದೆಯೊಳಗೆ ಹಳೆಯದೊಂದು ಮುಳ್ಳು ಮಿಸುಕಿತು. "ಇವತ್ತೇ ಹಾಕಿಕೋ. ಈಗಲೇ" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿಬಿಟ್ಟೆ. ಅವಳು ಬೆರಗಾಗಿ ನೋಡಿದಳು. ಆ ಮುಳ್ಳಿನ ಕಥೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಪಾದರಕ್ಷೆಯ ಚರಿತ್ರೆಯನ್ನು ಒಂದಿಷ್ಟು ನೋಡಬೇಕು. ಮೂವತ್ತೈದು ವರ್ಷ ಸಮಾಜ ವಿಜ್ಞಾನ ಕಲಿಸಿದವನ ದುರಭ್ಯಾಸ, ಓದುಗರು ಕ್ಷಮಿಸಬೇಕು.

ಕನ್ನಡದಲ್ಲಿ ಹೊಸ ಚಪ್ಪಲಿ ನೋಯಿಸುವುದಿಲ್ಲ, ಕಚ್ಚುತ್ತದೆ. ಹಾವು ಕಚ್ಚಿದಂತೆ, ನಾಯಿ ಕಚ್ಚಿದಂತೆ! ಹೊಸ ಚರ್ಮವೆಂದರೆ ಇನ್ನೂ ಪಳಗದ ಪ್ರಾಣಿ ಎಂಬುದು ನಮ್ಮ ಹಿರಿಯರ ಭಾವನೆಯಾಗಿದ್ದಿರಬೇಕು. ಕಚ್ಚದಂತೆ ಮಾಡಲು ಅವರು ಕಂಡುಕೊಂಡ ಉಪಾಯವೂ ಪ್ರಾಣಿಯನ್ನು ಪಳಗಿಸುವಂಥದೇ: ಎಣ್ಣೆ ಕುಡಿಸುವುದು. ಶಿಕ್ಷಕರ ತರಬೇತಿಗೆಂದು ಒಮ್ಮೆ ಬೆಳಗಾವಿ ಜಿಲ್ಲೆಗೆ ಹೋಗಿದ್ದಾಗ ಅಥಣಿಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡಿದ್ದೆ. ಹೊಲಿದು ಕೊಟ್ಟ ಹಿರಿಯರು, "ಮಾಸ್ತರ್ರ, ಇದಕ್ಕ ರಾತ್ರಿ ಹರಳೆಣ್ಣಿ ಹಚ್ಚಿ ಇಡ್ರಿ, ನಾಕ್ ದಿನ ಮನಿಯಾಗ ಹಾಕ್ಕೊಂಡ್ ಅಡ್ಡಾಡ್ರಿ, ಆಮ್ಯಾಲ ಊರಿಗೆ ಹೋಗ್ರಿ" ಎಂದು ಮೂರು ಸಲ ಹೇಳಿದ್ದರು. ನಾನು ಮಾತು ಕೇಳಲಿಲ್ಲ. ಮರುದಿನವೇ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಉಂಗುಷ್ಟದ ಬಳಿ ಚರ್ಮ ಸುಲಿಯಿತು. ತಪ್ಪು ಚಪ್ಪಲಿಯದಲ್ಲ.

ಲೋಕಕ್ಕೆಲ್ಲ ಕೊಲ್ಹಾಪುರಿ ಎಂದು ಪರಿಚಿತವಾದ ಈ ಚಪ್ಪಲಿಯ ತಯಾರಿಕೆಯಲ್ಲಿ ನಮ್ಮ ಅಥಣಿ, ನಿಪ್ಪಾಣಿಗಳ ಪಾಲು ಬಹು ದೊಡ್ಡದು. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಜಾಲಿ ಚಕ್ಕೆ, ಅಳಲೆಕಾಯಿಗಳ ಒಗರಿನಲ್ಲಿ ವಾರಗಟ್ಟಲೆ ನೆನೆದು ಹದಗೊಂಡ ಚರ್ಮ ಅದು. ಇಂಥ ಚರ್ಮದ ಸ್ವಭಾವವೇ ಹಾಗೆ. ಮೊದಮೊದಲು ಮರದ ಹಲಗೆಯಂತೆ ಬಿಗಿ. ಕಾಲಿನ ಬಿಸಿ, ಬೆವರಿನ ತೇವ, ಮೈಯ ಭಾರ ಮೂರೂ ಸೇರಿ ದಿನದಿನಕ್ಕೂ ಅದನ್ನು ಅದುಮುತ್ತ ಹೋದಂತೆ ತೊಟ್ಟವನ ಪಾದದ ಅಚ್ಚು ಅದರೊಳಗೆ ಮೂಡುತ್ತದೆ. ಒಮ್ಮೆ ಮೂಡಿತೆಂದರೆ ಆ ಚಪ್ಪಲಿ ಇನ್ನೊಬ್ಬನಿಗೆ ಹಿತವಾಗುವುದು ಕಷ್ಟ.

ಪಾದರಕ್ಷೆಗೆ ನಮ್ಮಲ್ಲಿ ಎಷ್ಟೊಂದು ಹೆಸರುಗಳು! ಎಕ್ಕಡ, ಕೆರ, ಮೆಟ್ಟು, ಜೋಡು, ಹಾವುಗೆ, ಚಮ್ಮಾವುಗೆ. ಕೊನೆಯ ಪದ ಕೇಳಿದೊಡನೆ ಹನ್ನೆರಡನೆಯ ಶತಮಾನದ ಕಲ್ಯಾಣದ ಸಮಗಾರ ಹರಳಯ್ಯ ನೆನಪಾಗುತ್ತಾನೆ. ಬಸವಣ್ಣನವರು ತನಗೆ ಮರುವಂದನೆ ಮಾಡಿದ ಋಣ ತೀರಿಸಲು ಹರಳಯ್ಯನೂ ಅವನ ಮಡದಿಯೂ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರೆಂಬುದು ಐತಿಹ್ಯ. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರಂತೆ. ಪ್ರತಿವರ್ಷ ಈ ಕಥೆಯನ್ನು ತರಗತಿಯಲ್ಲಿ ಹೇಳುತ್ತಿದ್ದೆ. ಆದರೆ ಅದರ ಆಚೆಗಿನ ಕಹಿಯನ್ನು ಹೇಳಲು ನನಗೆ ಬಹಳ ಕಾಲ ಧೈರ್ಯವಿರಲಿಲ್ಲ. ಊರಿಗೆಲ್ಲ ಚಪ್ಪಲಿ ಹೊಲಿದುಕೊಟ್ಟವರೇ ಎಷ್ಟೋ ಹಳ್ಳಿಗಳಲ್ಲಿ ಮೇಲುಜಾತಿಯವರ ಬೀದಿಗೆ ಬಂದಾಗ ತಮ್ಮ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. ಪಾದರಕ್ಷೆಯೆಂಬುದು ನಮ್ಮಲ್ಲಿ ಕಾಲಿನ ಪ್ರಶ್ನೆಗಿಂತ ಹೆಚ್ಚಾಗಿ ಅಂತಸ್ತಿನ ಪ್ರಶ್ನೆಯಾಗಿತ್ತು. ಅದು ಕಾಲಿಗೆ ಹಿತವಾಗಿದೆಯೇ ಎಂದು ಕೇಳುವ ಸರದಿ ಬಂದದ್ದು ತೀರ ಈಚೆಗೆ.

ಪಶ್ಚಿಮದವರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರಾಗಿದ್ದರೆಂದು ತಿಳಿಯಬೇಡಿ. ಯೂರೋಪಿನಲ್ಲಿ ಸುಮಾರು ಎರಡು ಶತಮಾನಗಳ ಕಾಲ, ಹತ್ತೊಂಬತ್ತನೆಯ ಶತಮಾನ ಕಾಲಿಡುವವರೆಗೆ, ಎಡಗಾಲಿಗೂ ಬಲಗಾಲಿಗೂ ಒಂದೇ ಆಕಾರದ ಬೂಟುಗಳು ಸಾಮಾನ್ಯವಾಗಿದ್ದವು. ನೇರವಾದ ಒಂದೇ ಮರದಚ್ಚಿನ ಮೇಲೆ ಎರಡನ್ನೂ ಹೊಲಿಯುವುದು. ಯಾವುದನ್ನು ಯಾವ ಕಾಲಿಗಾದರೂ ಹಾಕಿಕೊಳ್ಳುವುದು! ಸೈನಿಕರ ಗತಿ ಏನಾಗಿದ್ದಿರಬೇಕು, ಊಹಿಸಿ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಸಾವನದುರ್ಗವನ್ನು ಹಿಡಿಯಿತೆಂದು ಪಾಠಪುಸ್ತಕ ಹೇಳುತ್ತದೆ. ಮಾಗಡಿಯ ಆ ಬಂಡೆಗಳ ಸೀಮೆಯಲ್ಲಿ ತುಪಾಕಿ ಹೊತ್ತು ನಡೆದ ಸಿಪಾಯಿಗಳ ಪಾದಗಳ ಬಗ್ಗೆ ಯಾವ ಪಾಠಪುಸ್ತಕವೂ ಒಂದು ಸಾಲನ್ನೂ ಬರೆದಿಲ್ಲ. ನಾನೂ ಆ ಪಾಠ ಮಾಡುವಾಗ ಅದನ್ನು ಯೋಚಿಸಿದವನಲ್ಲ.

ಬೂಟಿನ ಆಕಾರ ತಪ್ಪು, ಪಾದದ ಆಕಾರವೇ ಸರಿ ಎಂದು ಶಾಸ್ತ್ರೀಯವಾಗಿ ವಾದಿಸಿದವರಲ್ಲಿ ಪ್ರಮುಖನಾಗಿ ಜ್ಯೂರಿಕ್ ನಗರದ ಅಂಗರಚನಾ ಶಾಸ್ತ್ರಜ್ಞ ಹರ್ಮನ್ ಫಾನ್ ಮೇಯರ್ ಎಂಬಾತನನ್ನು ಹೆಸರಿಸಬೇಕು. 1850ರ ದಶಕದಲ್ಲಿ ಆತ ಹೆಬ್ಬೆರಳು ನೇರವಾಗಿ ಚಾಚಿಕೊಳ್ಳಲು ಬೂಟಿನಲ್ಲಿ ಜಾಗವಿರಬೇಕೆಂದು ಬರೆದ. ಆದರೆ ಸರ್ಕಾರಗಳು ಎಚ್ಚೆತ್ತುಕೊಂಡದ್ದು ಯುದ್ಧದ ಲೆಕ್ಕಾಚಾರದಿಂದ. ಅಮೆರಿಕದ ಸೈನ್ಯದಲ್ಲಿ ಎಡ್ವರ್ಡ್ ಮನ್ಸನ್ ಎಂಬ ವೈದ್ಯಾಧಿಕಾರಿಯಿದ್ದ. ಅವನ ನೇತೃತ್ವದ ಮಂಡಳಿ ನಾಲ್ಕು ವರ್ಷಗಳಲ್ಲಿ ಸುಮಾರು 2000 ಸೈನಿಕರ ಪಾದಗಳನ್ನು ಪರೀಕ್ಷಿಸಿ, ಹೊಸ ಬಗೆಯ ಅಚ್ಚೊಂದನ್ನು ರೂಪಿಸಿತು. 1912ರಲ್ಲಿ ಆತ ಪ್ರಕಟಿಸಿದ ಗ್ರಂಥ ಸೈನಿಕನ ಪಾದ ಮತ್ತು ಬೂಟನ್ನು ಕುರಿತದ್ದೇ. ಅಳತೆ ತೆಗೆದುಕೊಳ್ಳುವಾಗ ಸೈನಿಕನ ಬೆನ್ನಿಗೆ 40 ಪೌಂಡ್ ಭಾರ ಹೊರಿಸಿ ನಿಲ್ಲಿಸಬೇಕು; ಏಕೆಂದರೆ ಹೊರೆ ಹೊತ್ತಾಗ ಪಾದ ಉದ್ದಕ್ಕೂ ಅಗಲಕ್ಕೂ ಹಿಗ್ಗುತ್ತದೆ.

ಬೂಟನ್ನು ಪಳಗಿಸುವ ಬಗ್ಗೆಯೂ ಆ ಸೈನ್ಯದಲ್ಲಿ ಲಿಖಿತ ನಿಯಮವಿತ್ತು. ಹೊಸ ಬೂಟು ತೊಟ್ಟ ಸೈನಿಕನು ಸುಮಾರು ಎರಡೂವರೆ ಅಂಗುಲ ನೀರಿನಲ್ಲಿ ಐದು ನಿಮಿಷ ನಿಂತು, ಚರ್ಮ ಚೆನ್ನಾಗಿ ನೆನೆದ ಮೇಲೆ, ಅದು ಕಾಲಿನ ಮೇಲೆಯೇ ಒಣಗುವಂತೆ ಸಮನೆಲದಲ್ಲಿ ಒಂದು ಗಂಟೆ ನಡೆಯಬೇಕು! ನಗು ಬರುತ್ತದೆಯಾದರೂ ಅಂದಿನ ದಪ್ಪ ಚರ್ಮದ ಬೂಟಿಗೆ ಅದು ಸರಿಯಾದ ವಿಧಾನವೇ. ಅಥಣಿಯ ಹಿರಿಯರು ಎಣ್ಣೆಯಿಂದ ಮಾಡಿಸುತ್ತಿದ್ದುದನ್ನು ಅವರು ನೀರಿನಿಂದ ಮಾಡಿಸುತ್ತಿದ್ದರು, ಅಷ್ಟೆ. ಇಂದಿನ ಬೂಟುಗಳಲ್ಲಿ ನೀರು ತಡೆಯುವ ಪದರ, ಸ್ಪಂಜು, ಅಂಟು, ನೈಲಾನ್ ಬಟ್ಟೆ ಎಲ್ಲ ಇರುವುದರಿಂದ ಈ ಪ್ರಯೋಗ ಬೇಡ. ಒಲೆಯ ಮುಂದೆ ಇಟ್ಟು ಒಣಗಿಸುವುದಂತೂ ಕೂಡದು, ಅಂಟು ಬಿಟ್ಟುಹೋಗುತ್ತದೆ.

ಚರ್ಮವೂ ಅಷ್ಟರಲ್ಲಿ ಬದಲಾಗತೊಡಗಿತ್ತು. ಕ್ರೋಮ್ ಲವಣಗಳಿಂದ ಹದ ಮಾಡಿದ ಚರ್ಮ ಮೆದು, ವಾರಗಳ ಕೆಲಸ ದಿನಗಳಲ್ಲಿ ಮುಗಿಯುತ್ತದೆ. ದಕ್ಷಿಣ ಭಾರತದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಇದರ ಪ್ರಯೋಗಗಳನ್ನು ನಡೆಸಿದ ಆಲ್ಫ್ರೆಡ್ ಚಾಟರ್ಟನ್ ಅವರೇ ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ನಮ್ಮ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಬಂದರು.

ಪರ್ವತಾರೋಹಣದ ಬೂಟಿನ ಕಥೆ ಇನ್ನೂ ದಾರುಣ. ಹಳೆಯ ಕಾಲದಲ್ಲಿ ಚರ್ಮದ ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆದ ಭಾರಿ ಬೂಟು. ಕಡಿದಾದ ಬಂಡೆ ಬಂದರೆ ಅದನ್ನು ಕಳಚಿ ತೆಳುವಾದ ಬಟ್ಟೆಯ ಜೋಡು. 1935ರಲ್ಲಿ ಇಟಲಿಯ ಆಲ್ಪ್ಸ್‌ನ ಪುಂತಾ ರಾಸಿಕಾ ಎಂಬಲ್ಲಿ ಹಿಮಗಾಳಿಗೆ ಸಿಕ್ಕ ತಂಡವೊಂದರ ಆರು ಮಂದಿ ಸತ್ತರು. ಅವರ ಒಡನಾಡಿ ವಿತಾಲೆ ಬ್ರಮಾನಿ, ಕಾಲಲ್ಲಿ ತಕ್ಕ ಪಾದರಕ್ಷೆ ಇಲ್ಲದ್ದೂ ಇದಕ್ಕೆ ಕಾರಣವೆಂದು ಮನಗಂಡು, ಬಂಡೆಗೂ ಹಿಮಕ್ಕೂ ಒಗ್ಗುವ ಹಲ್ಲುಳ್ಳ ರಬ್ಬರ್ ಅಟ್ಟೆಯನ್ನು 1937ರ ಹೊತ್ತಿಗೆ ರೂಪಿಸಿದ. ಅವನ ಹೆಸರಿನ ಮೊದಲಕ್ಷರಗಳಿಂದಾದ 'ವಿಬ್ರಮ್' ಎಂಬ ಮುದ್ರೆ ಇಂದಿಗೂ ಎಷ್ಟೋ ಬೂಟುಗಳ ಅಡಿಯಲ್ಲಿದೆ. ನನ್ನ ತಮ್ಮನ ಮಗಳ ಬೂಟಿನ ಅಟ್ಟೆಯೂ ಆ ವಂಶದ್ದೇ, ಕಂಪನಿ ಬೇರೆ. ಎವರೆಸ್ಟಿನ ಮೇಲೂ ಬೂಟು ತನ್ನ ಆಟ ತೋರಿಸದೆ ಬಿಡಲಿಲ್ಲ. 1953ರ ಮೇ 28ರ ರಾತ್ರಿ ಕೊನೆಯ ಶಿಬಿರದಲ್ಲಿ ತೇನ್‌ಸಿಂಗ್ ಬೂಟು ತೊಟ್ಟೇ ಮಲಗಿದರು. ಹಿಲರಿ ಕಳಚಿಟ್ಟು ಮಲಗಿದರು. ಬೆಳಗ್ಗೆ ನೋಡಿದರೆ ಅವು ಕಲ್ಲಾಗಿದ್ದವು! ಸೀಮೆಎಣ್ಣೆ ಸ್ಟೌವಿನ ಮೇಲೆ ಸುಮಾರು ಎರಡು ಗಂಟೆ ಕಾಯಿಸಿ ಮೆದು ಮಾಡಿಕೊಂಡು ಹೊರಟರು.

ಇರಲಿ. ಈಗ ನನ್ನ ಮುಳ್ಳಿನ ವಿಷಯಕ್ಕೆ ಬರುತ್ತೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ಎನ್.ಸಿ.ಸಿ. ಸೇರಿದ್ದೆ. ಅಲ್ಲಿ ಕೊಡುತ್ತಿದ್ದ ಬೂಟುಗಳು ನಮಗಿಂತ ಹಿಂದಿನ ಹುಡುಗರು ತೊಟ್ಟು ಹಿಂತಿರುಗಿಸಿದವು. ನನ್ನ ಪಾಲಿಗೆ ಬಂದ ಜೊತೆಯೊಳಗೆ ಯಾರದೋ ಅಗಲವಾದ ಪಾದದ ಹಳ್ಳ ಮೂಡಿತ್ತು. ನನ್ನ ಕಿರಿದಾದ ಪಾದ ಅದರೊಳಗೆ ಜಾರಾಡುತ್ತಿತ್ತು. ಮೊದಲ ಪರೇಡಿನಲ್ಲೇ ಹಿಮ್ಮಡಿ ಒಡೆಯಿತು. ಸಹಿಸಿಕೊಂಡೆ. ಸಹಿಸುವುದೇ ಶಿಸ್ತು ಎಂದು ಕಲಿತೆ. ಆ ಕಲಿಕೆಯನ್ನೇ ಮುಂದೆ ಮಾಸ್ತರನಾಗಿ ಮಕ್ಕಳಿಗೆ ದಾಟಿಸಿದೆ.

1987ರಲ್ಲಿ ಎಂಟನೆಯ ತರಗತಿಯ ಮಕ್ಕಳನ್ನು ಸಾವನದುರ್ಗಕ್ಕೆ ಕರೆದೊಯ್ದೆವು. ಎಲ್ಲರೂ ಕಪ್ಪು ಶೂ, ಬಿಳಿ ಕಾಲುಚೀಲ ಧರಿಸಿಯೇ ಬರತಕ್ಕದ್ದು ಎಂಬುದು ನನ್ನ ಆಜ್ಞೆ. ಹಳ್ಳಿಯಿಂದ ದಿನವೂ ಬರಿಗಾಲಲ್ಲಿ ನಡೆದು ಬರುತ್ತಿದ್ದ ಹುಡುಗನೊಬ್ಬನಿದ್ದ. ಅವನ ತಂದೆ ಆ ಪ್ರವಾಸಕ್ಕೆಂದೇ ಶೂ ಕೊಡಿಸಿದ್ದರು. ಬೆಳೆಯುವ ಹುಡುಗ, ಇನ್ನೆರಡು ವರ್ಷ ಬರಲಿ ಎಂದು ಎರಡು ಅಳತೆ ದೊಡ್ಡದು. ತುದಿಗೆ ದಿನಪತ್ರಿಕೆಯ ಉಂಡೆ ತುರುಕಿದ್ದರು. ಬಸ್ಸಿಳಿದು ಬೆಟ್ಟದ ಬುಡಕ್ಕೆ ಬರುವಷ್ಟರಲ್ಲೇ ಅವನು ನನ್ನ ಬಳಿ ಬಂದು, "ಸಾರ್, ಶೂ ಬಿಚ್ಚಿ ಕೈಯಲ್ಲಿ ಇಟ್ಕೊಳ್ಳಲಾ ಸಾರ್?" ಎಂದು ಕೇಳಿದ. "ಶಿಸ್ತು ಅಂದ್ರೆ ಶಿಸ್ತು, ನಡೆ" ಎಂದೆ. ಮತ್ತೆ ಅವನು ಕೇಳಲಿಲ್ಲ. 1226 ಮೀಟರ್ ಎತ್ತರದ ಆ ಬಂಡೆಯ ಅರ್ಧವನ್ನು ಹತ್ತಿ ಇಳಿದ. ಬರಿಗಾಲಲ್ಲಿ ಮೇಕೆಮರಿಯಂತೆ ಹತ್ತಬಲ್ಲವನು ಕುಂಟುತ್ತ ಎಲ್ಲರಿಗಿಂತ ಹಿಂದೆ ಬಂದ. ವೀರಭದ್ರಸ್ವಾಮಿ ದೇವಸ್ಥಾನದ ಮುಂದೆ ಎಲ್ಲರೂ ಪಾದರಕ್ಷೆ ಕಳಚಿದಾಗ ನೋಡಿದೆ: ಬಿಳಿಯ ಕಾಲುಚೀಲದ ಹಿಮ್ಮಡಿ ಎರಡೂ ಕೆಂಪಾಗಿತ್ತು.

ಅವನು ಅಳಲಿಲ್ಲ. ನನ್ನನ್ನು ನೋಡಿ ಕಾಲನ್ನು ಹಿಂದಕ್ಕೆ ಎಳೆದುಕೊಂಡ, ತಾನೇ ತಪ್ಪು ಮಾಡಿದವನಂತೆ.

ಬೊಬ್ಬೆ ಏಕೆ ಬರುತ್ತದೆಂಬುದನ್ನು ನಾನು ಓದಿ ತಿಳಿದದ್ದು ಆಮೇಲೆ. ಮೇಲಿಂದ ತಿಕ್ಕಿದ್ದರಿಂದ ಚರ್ಮ ಸವೆಯುತ್ತದೆಂದು ನಾವು ಭಾವಿಸುತ್ತೇವೆ, ಅಷ್ಟೇ ಅಲ್ಲ. ಬೆವರಿನಿಂದ ಒದ್ದೆಯಾದ ಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಒಳಗಿನ ಮೂಳೆ ಮಾತ್ರ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಚಲಿಸುತ್ತದೆ. ನಡುವಿನ ಪದರಗಳು ಸಾವಿರಾರು ಸಲ ಹಿಂಜಿ ಕೊನೆಗೆ ಬಿರಿದು, ಆ ಬಿರುಕಿನಲ್ಲಿ ನೀರು ತುಂಬುತ್ತದೆ. ಆದುದರಿಂದ ಬಿಗಿಯಾದ ಶೂನಷ್ಟೇ ಸಡಿಲವಾದ ಶೂ ಕೂಡ ಕೆಟ್ಟದ್ದು. ಬೊಬ್ಬೆಗೆ ಮೊದಲು ಆ ಜಾಗ ಬೆಚ್ಚಗಾಗಿ ಚುರುಗುಟ್ಟುತ್ತದೆ. ಆ ಕ್ಷಣದಲ್ಲಿ ನಿಂತು, ಬಿಚ್ಚಿ ನೋಡಿದರೆ ಉಳಿದೆವು. ಹುಡುಗ ಆ ಕ್ಷಣದಲ್ಲಿಯೇ ನನ್ನ ಬಳಿ ಬಂದಿದ್ದ.

ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದ ಡಾ. ಪಾಲ್ ಬ್ರ್ಯಾಂಡ್ ಅವರ ಕೆಲಸದ ಬಗ್ಗೆ ಓದಿದಾಗ ಇದೆಲ್ಲ ಮತ್ತೆ ನೆನಪಾಯಿತು. ರೋಗಿಗಳ ಪಾದದ ಹುಣ್ಣುಗಳು ಮಾಯದಿರುವುದಕ್ಕೆ ಮಾಂಸ ಕೊಳೆಯುವುದು ಕಾರಣವಲ್ಲ, ನೋವೇ ತಿಳಿಯದೆ ಅದೇ ಜಾಗದ ಮೇಲೆ ನಡೆಯುತ್ತಲೇ ಇರುವುದು ಕಾರಣವೆಂದು ಅವರು ತೋರಿಸಿಕೊಟ್ಟರು. ಅಂಥ ಪಾದಗಳಿಗಾಗಿ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ ಬಳಕೆಗೆ ಬಂತು. ಇಂದು ಸಕ್ಕರೆ ಕಾಯಿಲೆಯ ನನ್ನಂಥವರಿಗೂ ವೈದ್ಯರು ಬರೆದುಕೊಡುವುದು ಅದನ್ನೇ. ದಿನವೂ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ಕಾಲು ಹೇಳುವುದನ್ನು ಕಡಿಮೆ ಮಾಡಿದಾಗ ಕಣ್ಣು ಕೇಳಬೇಕಾಗುತ್ತದೆ.

ನಮ್ಮ ಹುಡುಗಿ ಆ ಸಂಜೆಯೇ ಬೂಟು ತೊಟ್ಟಳು. ದಿನವಿಡೀ ನಡೆದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ಅಳತೆ ನೋಡಲು ಅದೇ ಸರಿಯಾದ ಹೊತ್ತು. ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿತ್ತು, ಹಿಮ್ಮಡಿ ಮೇಲಕ್ಕೆ ಏಳುತ್ತಿರಲಿಲ್ಲ. ಮೂರು ದಿನ ಮನೆಯೊಳಗೆ ಅರ್ಧರ್ಧ ಗಂಟೆ ಓಡಾಡಿದಳು, ಅವಳ ದೊಡ್ಡಮ್ಮ, "ಒರೆಸಿದ ನೆಲದ ಮೇಲೆ ಇದೇನೇ ಪರೇಡು!" ಎಂದು ರೇಗಿದ್ದೂ ಆಯಿತು. ಆಮೇಲೆ ತರಕಾರಿ ಅಂಗಡಿಗೆ. ನಮ್ಮ ಕುಮಾರಸ್ವಾಮಿ ಲೇಔಟಿನ ಏರಿಳಿತದ ರಸ್ತೆಗಳು ವಯಸ್ಸಾದವರಿಗೆ ಶಿಕ್ಷೆಯಾದರೂ ಬೂಟು ಪಳಗಿಸಲು ಹೇಳಿ ಮಾಡಿಸಿದಂತಿವೆ. ಐದನೆಯ ದಿನ ಎಡ ಹಿಮ್ಮಡಿ ಚುರುಗುಟ್ಟಿತೆಂದು ಅವಳೇ ಹೇಳಿದಳು. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಬಿಡಿಸಿ ಉಣ್ಣೆ ಬೆರೆತದ್ದನ್ನು ತರಿಸಿದೆ. ಔಷಧಿ ಅಂಗಡಿಯ ಅಗ್ಗದ ಕಾಗದದ ಅಂಟುಪಟ್ಟಿಯನ್ನು ಹೊರಡುವ ಮುನ್ನವೇ ಆ ಜಾಗಕ್ಕೆ ಹಚ್ಚಿಸಿದೆ. ಇದು ನನ್ನ ಮನೆಮದ್ದಲ್ಲ. 128 ಮಂದಿ ಬಹುದೂರದ ಓಟಗಾರರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂಥ ಪಟ್ಟಿಯಿಂದ ಬೊಬ್ಬೆಗಳು ಶೇಕಡಾ 40ರಷ್ಟು ಕಡಿಮೆಯಾದವು.

ಎರಡನೆಯ ಭಾನುವಾರ ಬೆನ್ನಚೀಲದಲ್ಲಿ ಐದು ಕಿಲೋ ಸೋನಾ ಮಸೂರಿ ಹೊತ್ತು ತುರಹಳ್ಳಿ ಗುಡ್ಡಕ್ಕೆ ಹೋದಳು. ನಾನೂ ಹಿಂದೆ ಹೋದೆ, ಬಂಡೆಯವರೆಗೆ ಮಾತ್ರ. ಹತ್ತುವಾಗ ಮೇಲಿನ ಲೇಸು ಸಡಿಲ, ಇಳಿಯುವಾಗ ಕಣಕಾಲಿನ ಬಳಿ ಬಿಗಿ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಬೆರಳುಗಳು ಬೂಟಿನ ತುದಿಗೆ ಗುದ್ದಿ ಉಗುರು ಕಪ್ಪಾಗುತ್ತದೆ. ಉಗುರನ್ನು ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿರಬೇಕು. ಇಷ್ಟೇ ವಿದ್ಯೆ. ಇದನ್ನು ಹೇಳುವಾಗ ಬಂಡೆಯ ಮೇಲೆ ಕುಳಿತು ಸಾವನದುರ್ಗದ ಕಥೆಯನ್ನೂ ಹೇಳಿದೆ.

"ಆ ಹುಡುಗ ಆಮೇಲೆ ಸಿಕ್ಕರಾ ದೊಡ್ಡಪ್ಪ?" ಎಂದಳು.

ಸಿಕ್ಕಿದ್ದ. ನಾನು ನಿವೃತ್ತನಾಗುವ ಹಿಂದಿನ ವರ್ಷ, 2017ರಲ್ಲಿ, ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ. ತಲೆ ಅರ್ಧ ನೆರೆತಿತ್ತು. ನಾನೇ ಆ ಮಾತು ತೆಗೆದು, ಅಂದು ತಪ್ಪು ಮಾಡಿದೆನಪ್ಪಾ ಎಂದೆ. ಅವನು ನಕ್ಕುಬಿಟ್ಟ. "ಬಿಡಿ ಸಾರ್. ಆ ಶೂ ಆಮೇಲೆ ನನ್ನ ತಮ್ಮನಿಗೆ ಹೋಯ್ತು. ಅವನಿಗೆ ಒಂದಿನಾನೂ ಕಚ್ಚಲಿಲ್ಲ. ನಾನು ಪಳಗಿಸಿ ಕೊಟ್ಟಿದ್ನಲ್ಲ!" ಎಂದ. ನಾನೂ ನಕ್ಕೆ, ನಗಲೇಬೇಕಾಗಿತ್ತು.

ಕುಮಾರಪರ್ವತದಿಂದ ಹುಡುಗಿ ಸೋಮವಾರ ಬೆಳಗಿನ ಬಸ್ಸಿಗೆ ಬಂದಿಳಿದಳು. ಕುಕ್ಕೆಯಿಂದ ಗಿರಿಗದ್ದೆ, ಶೇಷಪರ್ವತ ದಾಟಿ 1712 ಮೀಟರಿನ ತುದಿ ಮುಟ್ಟಿ ಬಂದಿದ್ದಳು. ಹೋಗಿಬರುವ ದಾರಿ 20 ಕಿಲೋಮೀಟರಿಗೂ ಹೆಚ್ಚು. ಕಾಫಿಗೂ ಮೊದಲು "ಕಾಲು ತೋರಿಸು" ಎಂದೆ. ಬಲಗಾಲಿನ ಕಿರುಬೆರಳಿನಲ್ಲಿ ಸಾಸಿವೆಯಷ್ಟು ಗುಳ್ಳೆ. "ಇಳಿಯುವಾಗ ಲೇಸು ಬಿಗಿ ಮಾಡೋದು ಮರೆತೆ. ಗಿರಿಗದ್ದೆಯಲ್ಲಿ ಚುರು ಅಂತು, ಎಲ್ಲರನ್ನೂ ನಿಲ್ಲಿಸಿ ಪಟ್ಟಿ ಹಾಕಿಕೊಂಡೆ" ಎಂದಳು. ಬೈದರೇನೋ ಎಂದು ಕೇಳಿದೆ. "ಯಾಕೆ ಬೈತಾರೆ? ಇನ್ನಿಬ್ಬರೂ ಅಲ್ಲೇ ಕೂತು ಪಟ್ಟಿ ಕೇಳಿದರು" ಎಂದು ಸ್ನಾನಕ್ಕೆ ಹೋದಳು.

ಬೂಟುಗಳು ಕೆಸರು ಮೆತ್ತಿಕೊಂಡು ಜಗುಲಿಯಲ್ಲಿದ್ದವು. ಒದ್ದೆಬಟ್ಟೆಯಲ್ಲಿ ಒರೆಸಿ, ಒಳಗಿನ ತೇವ ಹೀರಲೆಂದು ಹಳೆಯ ದಿನಪತ್ರಿಕೆಯನ್ನು ಹರಿದು ಉಂಡೆ ಮಾಡಿ ತುದಿಯವರೆಗೂ ತುರುಕಿ, ನೆರಳಿನಲ್ಲಿ ಒಣಗಲು ಇಟ್ಟೆ.